ಮೆದುನೀರಿನ ಯಂತ್ರ: ಕೊಂಡರೆ ಸಾಲದು, ಲೆಕ್ಕವಿಡಬೇಕು

ಬಸವಕಲ್ಯಾಣ ಹಾಗೂ ಹುಮನಾಬಾದ್ ಪರಿಸರದ ನೆಲದಡಿ ಬಹುಭಾಗ ಹರಡಿರುವುದು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದು ಹೆಪ್ಪುಗಟ್ಟಿದ ದಖ್ಖನ್ ಲಾವಾದ ಕಪ್ಪು ಶಿಲೆ. ಇದರ ಬಿರುಕುಗಳಲ್ಲಿ ನಿಲ್ಲುವ ನೀರು ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳನ್ನು ಕರಗಿಸಿಕೊಳ್ಳುತ್ತದೆ. ಕೊಳವೆ ಬಾವಿಯ ನೀರಿನಲ್ಲಿ ಸಾಬೂನು ನೊರೆ ಬಾರದಿರುವುದಕ್ಕೂ, ತೊಗರಿ ಬೇಳೆ ಬೇಗನೆ ಬೇಯದಿರುವುದಕ್ಕೂ, ಗೀಸರಿನ ಕಾಯಿಲ್ ಮೇಲೆ ಬಿಳಿಯ ಪೊರೆ ಕಟ್ಟುವುದಕ್ಕೂ ಈ ಗಡಸುತನವೇ ಕಾರಣ. ಭಾರತೀಯ ಮಾನಕ ಸಂಸ್ಥೆಯ 2012ರ ಮಾನದಂಡದಂತೆ ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು. ಬೇರೆ ಮೂಲವಿಲ್ಲದಿದ್ದಲ್ಲಿ 600ರವರೆಗೆ ಸಮ್ಮತ.

ಈ ತೊಂದರೆಗೆ ಪರಿಹಾರವಾಗಿ ವರ್ತಕರು ಮನೆಗಳಿಗೆ ಸಾಫ್ಟನರ್ ಅಳವಡಿಸಿಕೊಳ್ಳುತ್ತಾರೆ. ಆದರೆ ಕೆಟ್ಟ ಮೋಟಾರಿನಂತೆ ಇದು ಸದ್ದು ಮಾಡುವುದಿಲ್ಲ. ಕೆಲಸ ನಿಲ್ಲಿಸಿದ ಮೇಲೂ ನಲ್ಲಿಯಲ್ಲಿ ನೀರು ಎಂದಿನಂತೆಯೇ ಬರುತ್ತದೆ. ಮಾಲೀಕನಿಗೆ ಅದು ತಿಳಿಯುವುದು ಗೀಸರ್ ಸುಟ್ಟಾಗ. ಆದುದರಿಂದ ಸಾಫ್ಟನರಿನ ನಿರ್ವಹಣೆಯೆಂದರೆ ಮೂಲತಃ ಒಂದು ಲೆಕ್ಕದ ಪುಸ್ತಕದ ನಿರ್ವಹಣೆ.

ಕಾರ್ಯವಿಧಾನ

ಯಂತ್ರದೊಳಗೆ ರೆಸಿನ್ ಎಂಬ ಸಣ್ಣ ಮಣಿಗಳಿರುತ್ತವೆ. ಅವು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಹಿಡಿದಿಟ್ಟುಕೊಂಡು ಬದಲಿಗೆ ಸೋಡಿಯಂ ಬಿಡುತ್ತವೆ. ಮಣಿಗಳ ಶಕ್ತಿ ಮುಗಿದಾಗ ಮೊದಲು ನೀರನ್ನು ಕೆಳಗಿನಿಂದ ಮೇಲಕ್ಕೆ ಹಾಯಿಸಿ ಕೊಳೆ ತೆಗೆಯಬೇಕು. ನಂತರ ಉಪ್ಪಿನ ದ್ರಾವಣವನ್ನು ನಿಧಾನವಾಗಿ ಹಾಯಿಸಬೇಕು. ಕೊನೆಗೆ ಉಪ್ಪಿನ ರುಚಿ ಹೋಗುವವರೆಗೆ ತೊಳೆಯಬೇಕು. ಅವಸರದಿಂದ ದ್ರಾವಣ ಹಾಯಿಸಿದರೆ ಉಪ್ಪು ಖರ್ಚಾಗುತ್ತದೆ, ಶಕ್ತಿ ಮರಳುವುದಿಲ್ಲ.

ಮಾದರಿ ಲೆಕ್ಕ

ಯಂತ್ರದಲ್ಲಿ 25 ಲೀಟರ್ ರೆಸಿನ್ ಇದ್ದು, ಪ್ರತಿ ಲೀಟರ್ ರೆಸಿನ್ 50 ಗ್ರಾಂ ಗಡಸುತನ ಹಿಡಿಯುತ್ತದೆಂದು ಭಾವಿಸೋಣ. ಒಟ್ಟು ಶಕ್ತಿ 1,250 ಗ್ರಾಂ. ನೀರಿನ ಗಡಸುತನ ಲೀಟರಿಗೆ 500 ಮಿಲಿಗ್ರಾಂ ಆದರೆ 2,500 ಲೀಟರ್ ಮೆದುನೀರು ದೊರೆಯುತ್ತದೆ. ದಿನಕ್ಕೆ 500 ಲೀಟರ್ ಬಳಸುವ ಕುಟುಂಬ ಪ್ರತಿ ಐದು ದಿನಕ್ಕೊಮ್ಮೆ ಉಪ್ಪು ಹಾಯಿಸಬೇಕು. ಲೀಟರ್ ರೆಸಿನ್‌ಗೆ 150 ಗ್ರಾಂನಂತೆ ಪ್ರತಿ ಸಲ 3.75 ಕಿಲೋ, ತಿಂಗಳಿಗೆ ಆರು ಸಲಕ್ಕೆ 22.5 ಕಿಲೋ ಉಪ್ಪು ಬೇಕು. ತಿಂಗಳಿಗೆ ಹತ್ತೇ ಕಿಲೋ ಉಪ್ಪು ಕೊಳ್ಳುವ ಅಂತಹ ಮನೆಯಲ್ಲಿ ಅರ್ಧಕ್ಕಿಂತ ಹೆಚ್ಚು ನೀರು ಗಡಸಾಗಿಯೇ ಹರಿದಿರುತ್ತದೆ. ಬೇಸಿಗೆಯಲ್ಲಿ ಗಡಸುತನ 600ಕ್ಕೆ ಏರಿದರೆ ಐದು ದಿನದ ಅವಧಿ ನಾಲ್ಕಕ್ಕೆ ಇಳಿಯುತ್ತದೆ.

ಪರೀಕ್ಷೆ ಮತ್ತು ಎಚ್ಚರಿಕೆ

ಅನೇಕರು ಟಿಡಿಎಸ್ ಮೀಟರಿನಿಂದ ಸಾಫ್ಟನರನ್ನು ಪರೀಕ್ಷಿಸುತ್ತಾರೆ. ಇದು ಸಲ್ಲದು. ಇಲ್ಲಿ ಲವಣ ಬದಲಾಗುತ್ತದೆಯೇ ಹೊರತು ಹೊರಹೋಗುವುದಿಲ್ಲ. ಯಂತ್ರ ಸರಿಯಿದ್ದರೂ ಟಿಡಿಎಸ್ ಇಳಿಯುವುದಿಲ್ಲ. ಗಡಸುತನ ಅಳೆಯುವ ಹನಿಗಳ ಕಿಟ್ಟನ್ನೇ ಬಳಸಬೇಕು. ಕೆಂಪು ಬಣ್ಣ ನೀಲಿಗೆ ತಿರುಗಲು ಬೇಕಾದ ಹನಿಗಳ ಸಂಖ್ಯೆಯೇ ಉತ್ತರ. ಉಪ್ಪು ಹಾಯಿಸುವ ಹಿಂದಿನ ದಿನ ಪರೀಕ್ಷಿಸಿ ಬರೆದಿಟ್ಟರೆ ಅವಧಿ ಸರಿಯೇ ಎಂಬುದು ತಿಳಿಯುತ್ತದೆ.

ಉಪ್ಪು ಮಣ್ಣುರಹಿತ ಹರಳಾಗಿರಲಿ. ಉಪ್ಪಿನ ಟಾಕಿಯಲ್ಲಿ ಮೇಲ್ಪದರ ಗಟ್ಟಿಯಾಗಿ ಕೆಳಗೆ ಟೊಳ್ಳಾಗುವುದುಂಟು. ಟಾಕಿ ತುಂಬಿದಂತೆ ಕಂಡರೂ ದ್ರಾವಣ ತಯಾರಾಗಿರುವುದಿಲ್ಲ. ತಿಂಗಳಿಗೊಮ್ಮೆ ಕೋಲಿನಿಂದ ಮೆಲ್ಲನೆ ಕೆದಕಿ ನೋಡಬೇಕು. ಕೆಸರು ಮತ್ತು ಕಬ್ಬಿಣದ ಅಂಶ ಮಣಿಗಳನ್ನು ಮುಚ್ಚುತ್ತವೆ. ಮೇಲಿನ ಟಾಕಿಗೆ ಅಳತೆಯಿಲ್ಲದೆ ಹಾಕುವ ಬ್ಲೀಚಿಂಗ್ ಪುಡಿ ಅವುಗಳ ಆಯುಷ್ಯ ಕಡಿಮೆ ಮಾಡುತ್ತದೆ. ಯಂತ್ರಕ್ಕೆ ಮುನ್ನ ಕೆಸರು ಹಿಡಿಯುವ ಫಿಲ್ಟರ್ ಇರಲೇಬೇಕು.

500 ಮಿಲಿಗ್ರಾಂ ಗಡಸುತನ ತೆಗೆದಾಗ ಪ್ರತಿ ಲೀಟರಿಗೆ ಸುಮಾರು 230 ಮಿಲಿಗ್ರಾಂ ಸೋಡಿಯಂ ಸೇರುತ್ತದೆ. ರಕ್ತದೊತ್ತಡವಿರುವವರ ಮನೆಯಲ್ಲಿ ಕುಡಿಯಲು, ಅಡುಗೆಗೆ ಪ್ರತ್ಯೇಕ ನಲ್ಲಿ ಅಥವಾ ಆರ್‌ಒ ವ್ಯವಸ್ಥೆ ಲೇಸು. ತೊಳೆದ ಉಪ್ಪುನೀರನ್ನು ಗಿಡಗಳಿಗೆ, ಇಂಗುಗುಂಡಿಗೆ ಬಿಡಬಾರದು. ಸೋಡಿಯಂನಿಂದ ಎರೆಮಣ್ಣು ಬಿಗಿದು ನೀರು ಇಂಗದಾಗುತ್ತದೆ. ಇಂಗುಗುಂಡಿಗೆ ಬಿಟ್ಟ ಉಪ್ಪು ಅಂತರ್ಜಲ ಸೇರಿ ಕೊಳವೆ ಬಾವಿಗೇ ಮರಳಬಹುದು.

ಖಾತೆಯಲ್ಲಿ ಎಲ್ಲಿ?

ಕೆಳಗೆ ಅಂಗಡಿ, ಮೇಲೆ ಮನೆ ಎಂಬ ಕಟ್ಟಡಗಳಲ್ಲಿ ಒಂದೇ ಸಾಫ್ಟನರ್ ಎರಡಕ್ಕೂ ನೀರು ಕೊಡುತ್ತದೆ. ಬಿಲ್ಲು ಅಂಗಡಿಯ ಹೆಸರಿನಲ್ಲಿದೆ ಎಂಬ ಮಾತ್ರಕ್ಕೆ ಪೂರ್ಣ ವೆಚ್ಚ ವ್ಯಾಪಾರದ್ದಾಗುವುದಿಲ್ಲ. 2017ರ ಕೇಂದ್ರ ಜಿಎಸ್‌ಟಿ ಕಾಯ್ದೆಯ 17ನೇ ಕಲಮಿನಂತೆ ಸ್ವಂತ ಬಳಕೆಯ ಭಾಗಕ್ಕೆ ಹೂಡುವಳಿ ತೆರಿಗೆಯ ಜಮೆ ದೊರೆಯದು. ಮನೆಯ ಪಾಲನ್ನು ಮಾಲೀಕರ ಡ್ರಾಯಿಂಗ್ಸ್ ಖಾತೆಗೆ ಬರೆಯುವುದು ಕ್ರಮ. ಎರಡು ಕಡೆಗೂ ನೀರಿನ ಮೀಟರ್ ಅಳವಡಿಸಿದರೆ ಪಾಲು ಹಂಚಲು ಆಧಾರ ದೊರೆಯುತ್ತದೆ, ಉಪ್ಪು ಹಾಯಿಸುವ ದಿನವೂ ಗೊತ್ತಾಗುತ್ತದೆ.

ದಿನಾಂಕ, ಮೀಟರ್ ಓದು, ಗಡಸುತನ, ಉಪ್ಪಿನ ತೂಕ: ಈ ನಾಲ್ಕು ಅಂಕಣಗಳ ಒಂದು ನೋಟುಪುಸ್ತಕವನ್ನು ಯಂತ್ರದ ಪಕ್ಕದಲ್ಲಿ ತೂಗುಹಾಕಿದರೆ ಸಾಕು. ದುರಸ್ತಿಗಾರ ಬಂದಾಗಲೂ ರೆಸಿನ್ ಬದಲಿಸಬೇಕೋ, ಕೇವಲ ಉಪ್ಪು ಕಡಿಮೆಯಾಗಿದೆಯೋ ಎಂಬುದನ್ನು ಆ ಪುಸ್ತಕವೇ ಹೇಳುತ್ತದೆ.