ಶುಕ್ರವಾರದ ಲಕ್ಷ್ಮಿ

ಬಹರೈನ್‌ನಲ್ಲಿ ವರಮಹಾಲಕ್ಷ್ಮಿ ಹಬ್ಬಕ್ಕೆ ಯಾರೂ ರಜೆ ಕೇಳಬೇಕಾಗಿಲ್ಲ. ಹಬ್ಬ ಬರುವುದೇ ಶುಕ್ರವಾರ, ಇಲ್ಲಿನ ವಾರದ ರಜೆಯೂ ಶುಕ್ರವಾರ, ಶನಿವಾರ. ತುಮಕೂರಿನಲ್ಲಿ ಬ್ಯಾಂಕ್ ಕೆಲಸದಲ್ಲಿರುವ ನನ್ನ ತಂಗಿ ಪ್ರತಿ ಶ್ರಾವಣದಲ್ಲೂ ನಸುಕಿನಲ್ಲೇ ಕಲಶ ಕೂರಿಸಿ, ಪೂಜೆ ಮುಗಿಸಿ, ಒಬ್ಬಟ್ಟಿನ ಡಬ್ಬಿ ಹಿಡಿದು ಬ್ರಾಂಚಿಗೆ ಓಡುತ್ತಾಳೆ. ಅವಳ ಪ್ರಕಾರ ಲಕ್ಷ್ಮಿ ನಿಜವಾಗಿ ಒಲಿದಿರುವುದು ಅರಬ್ಬರ ನಾಡಿನಲ್ಲಿರುವ ನನಗೆ.

ರಜೆಯೇನೋ ಇದೆ. ಆದರೆ ಹಬ್ಬದ ಹಿಂದಿನ ದಿನ ಗುರುವಾರ ತಾನೇ? ನಾನು ಮನಾಮದ ಒಂದು ಕಂಪನಿಯಲ್ಲಿ ಲೆಕ್ಕಪತ್ರ ನೋಡುವವಳು. ಜುಲೈ ಕೊನೆಗೆ ವ್ಯಾಟ್ ರಿಟರ್ನ್, ಅದರ ಬೆನ್ನಿಗೇ ತಿಂಗಳ ಲೆಕ್ಕದ ಮುಕ್ತಾಯ. 2019ರಲ್ಲಿ ಇಲ್ಲಿ ವ್ಯಾಟ್ ಬಂದಾಗ ಶೇ 5 ಇತ್ತು, 2022ರಲ್ಲಿ ಶೇ 10 ಆಯಿತು. ಏರಿದ್ದು ತೆರಿಗೆ ಮಾತ್ರ, ನಮ್ಮ ವಿಭಾಗದ ಕುರ್ಚಿಗಳಲ್ಲ. ಅದೇ ಹೊತ್ತಿಗೆ ಶಾಲೆಗಳಿಗೆ ಬೇಸಿಗೆ ರಜೆ. ಹೊರಗೆ ಕಾಲಿಡಲಾಗದ ಬಿಸಿಲು, ಸಮುದ್ರದ ಬೆವರು, ಮಕ್ಕಳಿಬ್ಬರೂ ಫ್ಲ್ಯಾಟಿನೊಳಗೆ ಬಂದಿ. ಕೆಲವರು ಮಕ್ಕಳನ್ನು ಊರಿಗೆ ಅಜ್ಜಿ ಮನೆಗೆ ಕಳಿಸುತ್ತಾರೆ. ನಮ್ಮ ಮನೆಯಲ್ಲಿ ಅದಾಗಲಿಲ್ಲ.

ಹಬ್ಬದ ಬೆಳಿಗ್ಗೆ ಎಂಟಕ್ಕೆ ತಿಪಟೂರಿನಿಂದ ಅತ್ತೆಯ ವಿಡಿಯೊ ಕಾಲ್.

“ಕಲಶ ಇಟ್ಯೇನಮ್ಮ? ಹತ್ತೂವರೆ ಆಯ್ತು, ರಾಹುಕಾಲ ಬಂತಲ್ಲ!”

“ಇಲ್ಲಿನ್ನೂ ಎಂಟು ಗಂಟೆ ಅತ್ತೆ.”

“ರಾಹುಗೂ ಎರಡೂವರೆ ಗಂಟೆ ಲೇಟಾ?”

ನಾನು ಲೆಕ್ಕದವಳು, ಬಿಡುತ್ತೇನೆಯೇ? ಹಗಲನ್ನು ಎಂಟು ಪಾಲು ಮಾಡಿದರೆ ಶುಕ್ರವಾರದ ರಾಹುಕಾಲ ನಾಲ್ಕನೇ ಪಾಲು. ಸೂರ್ಯ ಆರಕ್ಕೆ ಹುಟ್ಟಿ ಆರಕ್ಕೆ ಮುಳುಗುವ ಲೆಕ್ಕದಲ್ಲಿ ಅದು ಹತ್ತೂವರೆಗೆ ಶುರು. ಮನಾಮದಲ್ಲಿ ಆಗಸ್ಟ್‌ನಲ್ಲಿ ಐದರ ಸುಮಾರಿಗೇ ಬೆಳಗಾಗುತ್ತದೆ, ಹಗಲೂ ಉದ್ದ. ಹಾಗಾಗಿ ನಮಗೆ ಹತ್ತರ ಆಸುಪಾಸಿಗೇ. ಅತ್ತೆಗೆ ವಿವರಿಸಿದೆ. “ಅದೆಲ್ಲ ಗೊತ್ತಿಲ್ಲಮ್ಮ, ಬೇಗ ಇಡು” ಅಂದರು. ಕೂಗಾಟದ ನಡುವೆ ಕಲಶ ಇಟ್ಟೆ. ಗಂಡ ಮಲ್ಲಿಗೆ ತರಲು ಹೋದವರು ಪಾರ್ಕಿಂಗ್ ಹುಡುಕುತ್ತಾ ಅಲ್ಲೇ ಉಳಿದರು.

ಇದನ್ನು ನಗುತ್ತಾ ಹೇಳುತ್ತಿದ್ದೇನೆ, ಆದರೆ ಎಲ್ಲ ಕಾಲದಲ್ಲೂ ನಗು ಬರುತ್ತಿರಲಿಲ್ಲ. ಬಹರೈನ್‌ನ ಖಾಸಗಿ ವಲಯದ ಕಾರ್ಮಿಕ ಕಾನೂನು, ಅಂದರೆ 2012ರ 36ನೇ ಕಾನೂನು, ಹೆರಿಗೆಗೆ ಕೊಡುವುದು ಸಂಬಳಸಹಿತ 60 ದಿನ. ಬೇಕಿದ್ದರೆ ಸಂಬಳವಿಲ್ಲದೆ ಇನ್ನು 15 ದಿನ. ಭಾರತದಲ್ಲಿ 2017ರಿಂದ 26 ವಾರ. ಇಲ್ಲಿ ಮಗುವಿಗೆ ಆರು ತಿಂಗಳಾಗುವವರೆಗೆ ಹಾಲೂಡಿಸಲು ದಿನಕ್ಕೆ ಒಂದೊಂದು ಗಂಟೆಯ ಎರಡು ಬಿಡುವು ಉಂಟು, ಮುಂದೆ ವರ್ಷ ತುಂಬುವವರೆಗೆ ಅರ್ಧರ್ಧ ಗಂಟೆ. ಚಿಕ್ಕವನು ಹುಟ್ಟಿದಾಗ ಅಮ್ಮ ವಿಸಿಟ್ ವೀಸಾದಲ್ಲಿ ಬಂದಿದ್ದರು. ಅವರು ವಾಪಸ್ ಹೋದ ವಾರವೇ ಮಗುವಿಗೆ ಜ್ವರ. ‘ಈ ಸಲ ಸೋಮವಾರದ ಒಪ್ಪತ್ತು ಬಿಟ್ಟೆಯಲ್ಲ, ಅದಕ್ಕೇ’ ಎಂದು ನನ್ನ ತಲೆಯೊಳಗೇ ಒಂದು ದನಿ.

ಆ ದನಿ ನನ್ನೊಬ್ಬಳದಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಕೆನೆತ್ ಪಾರ್ಗಮೆಂಟ್ ನಂಬಿಕೆಯನ್ನು ಆಸರೆಯಾಗಿಸಿಕೊಳ್ಳುವುದರಲ್ಲೇ ಎರಡು ಬಗೆ ಗುರುತಿಸಿದ್ದಾರೆ. ದೇವರು ಜೊತೆಗಿದ್ದಾನೆ ಎಂದು ಹಗುರಾಗುವುದು ಒಂದು. ದೇವರು ದಂಡಿಸುತ್ತಿದ್ದಾನೆ ಎಂದು ಕುಗ್ಗುವುದು ಇನ್ನೊಂದು. ಎರಡನೆಯದು ಇದ್ದ ಬೇನೆಯನ್ನು ಹೆಚ್ಚಿಸುತ್ತದೆ. ಅದೇ ದೇವರು, ಅದೇ ದೀಪ. ದುಡಿಯುವ ತಾಯಿಗೆ ವ್ರತವೂ ಇನ್ನೊಂದು ಡ್ಯೂಟಿಯಾಗಿ ಕೂತರೆ ಅದರಿಂದ ನೆಮ್ಮದಿ ಹುಟ್ಟುವುದಿಲ್ಲ ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಹಾಗಾದರೆ ನೆಮ್ಮದಿ ಎಲ್ಲಿಂದ? ಅಮೆರಿಕದ 74 ಸಾವಿರಕ್ಕೂ ಹೆಚ್ಚು ನರ್ಸ್‌ಗಳನ್ನು 16 ವರ್ಷ ಗಮನಿಸಿದ ಅಧ್ಯಯನವೊಂದು 2016ರಲ್ಲಿ ಪ್ರಕಟವಾಯಿತು. ವಾರಕ್ಕೆ ಒಂದಕ್ಕಿಂತ ಹೆಚ್ಚು ಸಲ ಪ್ರಾರ್ಥನಾ ಸಭೆಗೆ ಹೋಗುತ್ತಿದ್ದವರಲ್ಲಿ, ಎಂದೂ ಹೋಗದವರಿಗಿಂತ, ಆ ಅವಧಿಯ ಸಾವಿನ ಅಪಾಯ ಶೇ 33ರಷ್ಟು ಕಡಿಮೆ ಕಂಡಿತು. ಒಂದು ಪಾಲು ಲಾಭ ಅಲ್ಲಿ ಸಿಗುವ ಜನರ ಆಸರೆಯಿಂದ ಎಂದರು ಸಂಶೋಧಕರು. ಅದಕ್ಕೂ ಮೊದಲು, 2010ರಲ್ಲಿ, ಸಂಶೋಧಕರಾದ ಚೇಯೂನ್ ಲಿಮ್ ಮತ್ತು ರಾಬರ್ಟ್ ಪುಟ್ನಮ್ ಇದನ್ನೇ ಇನ್ನೂ ನೇರವಾಗಿ ಹೇಳಿದ್ದರು: ಸಭೆಗೆ ಹೋಗುವವರು ಬದುಕಿನಲ್ಲಿ ಹೆಚ್ಚು ತೃಪ್ತರಾಗಿರುವುದು ಮುಖ್ಯವಾಗಿ ಅಲ್ಲಿ ಗೆಳೆತನ ಬೆಳೆದಿರುವುದರಿಂದ. ಅಮೆರಿಕದ ಚರ್ಚಿನ ಮಾತು ನಮಗೆಷ್ಟು ಒಪ್ಪುತ್ತದೆ ಎಂದು ಕೇಳಬಹುದು. ಮನಾಮದಲ್ಲಿ ನಾನು ಕಂಡದ್ದಕ್ಕೆ ಒಪ್ಪುತ್ತದೆ.

ಇಲ್ಲಿ ಶುಕ್ರವಾರ ಎಲ್ಲ ದೇವರಿಗೂ ಬಿಡುವು. ಮಸೀದಿಗಳಲ್ಲಿ ಜುಮಾ ನಮಾಜು. 1939ರ ಸೇಕ್ರೆಡ್ ಹಾರ್ಟ್ ಚರ್ಚಿನಲ್ಲಿ ಪೂಜೆಗೆ ಬಂದವರ ದಟ್ಟಣೆ. ನನ್ನ ಮಂಗಳೂರಿನ ಗೆಳತಿ ನೈಟ್ ಡ್ಯೂಟಿ ಮುಗಿಸಿ, ನರ್ಸ್ ಬೂಟಿನಲ್ಲೇ ಅಲ್ಲಿಗೆ ಹೋಗುತ್ತಾಳೆ. ಹಳೆ ಮಾರುಕಟ್ಟೆಯ ಓಣಿಯೊಳಗಿನ ಶ್ರೀನಾಥಜೀ ಗುಡಿ 1817ರದ್ದು, ಸಿಂಧ್‌ನ ಠಟ್ಟಾದಿಂದ ಬಂದ ವ್ಯಾಪಾರಿಗಳು ಕಟ್ಟಿದ್ದು. ಆ ಗುಡಿಯ ಹೊಸ ಕಾಮಗಾರಿಗೆ 2019ರ ಆಗಸ್ಟ್‌ನಲ್ಲಿ ಪ್ರಧಾನಿ ಮೋದಿ ಚಾಲನೆ ಕೊಟ್ಟರು. ನನಗೆ ಆ ಗುಡಿ ಮುಖ್ಯವಾಗುವುದು ಬೇರೆ ಕಾರಣಕ್ಕೆ. ಅಲ್ಲಿ ಚಪ್ಪಲಿ ಬಿಡುವ ಜಾಗದಲ್ಲಿ ಪರಿಚಯವಾದ ಕುಂದಾಪುರದ ಅಕ್ಕನೇ ಮರುವಾರ ನನ್ನ ಮಗನನ್ನು ಶಾಲೆಯಿಂದ ಕರೆದುಕೊಂಡು ಬಂದದ್ದು.

ಬಹರೈನ್‌ನಲ್ಲಿ ಕನ್ನಡದವರೆಂದರೆ ಹೆಚ್ಚಾಗಿ ಕರಾವಳಿಯವರು. 1977ರಿಂದ ಇರುವ ಕನ್ನಡ ಸಂಘದಲ್ಲಿ ಯಕ್ಷಗಾನದ ಚೆಂಡೆಯೇ ಜೋರು, ನಮ್ಮಂಥ ಬಯಲುಸೀಮೆಯವರು ಕಡಿಮೆ. ಮನೆಮನೆಯಲ್ಲಿ ಲಕ್ಷ್ಮಿ ಕೂರಿಸುವ ನಮ್ಮ ಸಡಗರ ಅವರಿಗೆ ಅಷ್ಟಾಗಿ ರೂಢಿಯಿಲ್ಲ. ಎಲ್ಲರೂ ಸೇರಿ ಮಾಡುವ ಪೂಜೆ ಗೊತ್ತು. ಆ ಅಕ್ಕನೇ ದಾರಿ ತೋರಿಸಿದ್ದು: “ಐದು ಮನೆಯಲ್ಲಿ ಐದು ಕಲಶ ಎಂತಕ್ಕೆ ಮಾರಾಯ್ತಿ? ಒಂದೇ ಇಡುವ.”

ಈಗ ಕಲಶ ವರ್ಷಕ್ಕೊಂದು ಮನೆಯಲ್ಲಿ. ಕೊಬ್ಬರಿ ನಾನು ತಿಪಟೂರಿನಿಂದ ತರುತ್ತೇನೆ, ಕೋಸಂಬರಿ ಒಬ್ಬರದು, ಹೋಳಿಗೆ ಅಂಗಡಿಯದು. ಅಂಗಡಿ ಹೋಳಿಗೆ ನೈವೇದ್ಯಕ್ಕೆ ನಡೆಯುತ್ತದೆಯೇ ಎಂದು ಮೊದಲ ವರ್ಷ ಗಂಭೀರ ಚರ್ಚೆಯಾಯಿತು. ಎರಡನೇ ವರ್ಷ ಯಾರೂ ಎತ್ತಲಿಲ್ಲ. ಮಂಗಳೂರಿನ ಗೆಳತಿ ಚರ್ಚಿನಿಂದ ನೇರ ಬಂದು ಪಾನಕ ಕುಡಿದು ಸೋಫಾ ಮೇಲೆ ನಿದ್ದೆ ಹೋಗುತ್ತಾಳೆ, ಮಕ್ಕಳು ಅವಳ ಸುತ್ತಲೇ ಕಿರುಚಾಡುತ್ತಿರುತ್ತವೆ. ಅತ್ತೆ ಫೋನಿನಲ್ಲಿ ಕಲಶವನ್ನು ಎಲ್ಲ ಕೋನದಿಂದ ತಪಾಸಣೆ ಮಾಡಿ, ಸೆರಗಿನ ನೆರಿಗೆ ಸರಿಯಿಲ್ಲ ಎನ್ನುತ್ತಾರೆ.

ಗಣೇಶ ಚೌತಿ ಮಾತ್ರ ವಾರದ ಯಾವ ದಿನವಾದರೂ ಬಂದು ಕೂರುತ್ತದೆ, ಅದಕ್ಕೆ ರಜೆ ಹಾಕಲೇಬೇಕು. ಈ ಸಲ ಅರ್ಧ ದಿನ ರಜೆ ಹಾಕಿ ಮಕ್ಕಳನ್ನು ಕರೆತರುವುದು, ಕಡುಬು ಬೇಯಿಸುವುದು ಗಂಡಂದಿರ ಸರದಿ ಎಂದು ವಾಟ್ಸ್ಆ್ಯಪ್ ಗುಂಪಿನಲ್ಲಿ ಹಾಕಿದ್ದೇವೆ. ಎಲ್ಲರೂ ಓದಿದ್ದಾರೆ, ನೀಲಿ ಟಿಕ್ ಬಂದಿದೆ. ಉತ್ತರ ಇನ್ನೂ ಬಂದಿಲ್ಲ.