ಶೇ 14ರ ನಿಯಮ ಎಲ್ಲೂ ಇಲ್ಲ

ಚುನಾವಣೆ ಹತ್ತಿರ ಬಂದರೆ ಸಾಕು, ಹಳೆಯ ವಾಟ್ಸ್‌ಆ್ಯಪ್ ಸಂದೇಶವೊಂದು ಮತ್ತೆ ಓಡಾಡತೊಡಗುತ್ತದೆ. ಮತದಾರರ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಆಧಾರ್ ತೋರಿಸಿ, ಸೆಕ್ಷನ್ 49ಎ ಹೇಳಿ, ‘ಚಾಲೆಂಜ್ ವೋಟ್’ ಹಾಕಬಹುದಂತೆ. ನಿಮ್ಮ ಮತವನ್ನು ಬೇರೆ ಯಾರೋ ಹಾಕಿದ್ದರೆ ‘ಟೆಂಡರ್ ವೋಟ್’ ಕೇಳಬಹುದಂತೆ. ಟೆಂಡರ್ ವೋಟು ಶೇ 14 ದಾಟಿದ ಮತಗಟ್ಟೆಯಲ್ಲಿ ಮರುಮತದಾನವಂತೆ. ಇವುಗಳಲ್ಲಿ ನಡುವಿನದು ಮಾತ್ರ ನಿಜ.

ಇಂಥ ಸಂದೇಶ ಕಳಿಸುವವರಲ್ಲಿ ಹೆಚ್ಚಿನವರು ಒಳ್ಳೆಯ ಮನಸ್ಸಿನವರೇ. ಹೀಗಿದ್ದರೆ ಚೆನ್ನಾಗಿತ್ತು ಎಂಬ ಆಸೆ ಬಾಯಿಂದ ಬಾಯಿಗೆ ದಾಟುತ್ತ ಹೀಗೇ ಇದೆ ಎಂದಾಗಿಬಿಟ್ಟಿದೆ. ಅದನ್ನು ನಂಬಿದವರು ಕಳೆದುಕೊಳ್ಳುವುದು ಮಾತ್ರ ತಮ್ಮ ಮತವನ್ನೇ.

1961ರ ಚುನಾವಣಾ ನಿರ್ವಹಣಾ ನಿಯಮಗಳಲ್ಲಿ 49ಎ ಇರುವುದು ಮತಯಂತ್ರದ ವಿನ್ಯಾಸದ ಬಗ್ಗೆ. ‘ಚಾಲೆಂಜ್’ ಎಂಬುದು 49ಜೆ ನಿಯಮ, ಅದರ ಅರ್ಥವೂ ತಲೆಕೆಳಗು: ಬಂದ ವ್ಯಕ್ತಿ ನಿಜವಾದ ಮತದಾರನಲ್ಲ ಎಂದು ಅಭ್ಯರ್ಥಿಯ ಏಜೆಂಟ್ ಎರಡು ರೂಪಾಯಿ ಠೇವಣಿ ಇಟ್ಟು ಆಕ್ಷೇಪಿಸುವ ಅವಕಾಶ ಅದು. ಪಟ್ಟಿಯಲ್ಲಿ ಹೆಸರಿಲ್ಲದವರಿಗೆ ಬಾಗಿಲು ತೆರೆಯುವ ನಿಯಮ ಯಾವುದೂ ಇಲ್ಲ. ಹೆಸರಿದ್ದು ಮತದಾರರ ಗುರುತಿನ ಚೀಟಿ ಕೈಲಿಲ್ಲದಿದ್ದರೆ ಆಧಾರ್, ಪಾಸ್‌ಪೋರ್ಟ್, ಚಾಲನಾ ಪರವಾನಗಿ, ನರೇಗಾ ಜಾಬ್ ಕಾರ್ಡ್, ಫೋಟೊ ಇರುವ ಬ್ಯಾಂಕ್ ಪಾಸ್‌ಬುಕ್ ಇಂಥವು ನಡೆಯುತ್ತವೆ. ಹೆಸರೇ ಇಲ್ಲದಿದ್ದರೆ ಇವು ಯಾವುವೂ ಉಪಯೋಗಕ್ಕೆ ಬಾರವು.

ಹೆಸರು ಸೇರಿಸುವ ಕೆಲಸ ಮತದಾನದ ದಿನಕ್ಕಿಂತ ಬಹಳ ಮೊದಲೇ ಮುಗಿಯಬೇಕು. ನಾಮಪತ್ರ ಸಲ್ಲಿಕೆಯ ಕೊನೆಯ ದಿನ ಕಳೆದ ಮೇಲೆ ಪಟ್ಟಿಗೆ ಯಾರ ಹೆಸರೂ ಸೇರುವಂತಿಲ್ಲ, ಅರ್ಜಿ ವಿಲೇವಾರಿಗೂ ಸಮಯ ಬೇಕು. ಹೊಸ ಹೆಸರಿಗೆ ನಮೂನೆ 6, ವಿಳಾಸ ಬದಲಾವಣೆ ಮತ್ತು ತಿದ್ದುಪಡಿಗೆ ನಮೂನೆ 8. ಬಾಡಿಗೆ ಮನೆ ಬದಲಿಸಿದವರು ದಯವಿಟ್ಟು ಈ ಎರಡನೆಯದನ್ನು ನೆನಪಿಡಿ. ವಿಚಾರಿಸಲು ಊರಿನ ಮತಗಟ್ಟೆ ಮಟ್ಟದ ಅಧಿಕಾರಿಯಾದ ಬಿಎಲ್‌ಒ ಇದ್ದಾರೆ, 1950 ಸಹಾಯವಾಣಿ ಇದೆ. ‘ಹೇಗೂ ಚಾಲೆಂಜ್ ವೋಟ್ ಇದೆಯಲ್ಲ’ ಎಂದು ಸುಮ್ಮನಿದ್ದವರಿಗೆ ಮತಗಟ್ಟೆಯಲ್ಲಿ ಯಾರೂ ಸಹಾಯ ಮಾಡಲಾರರು, ಅಲ್ಲಿನ ಅಧಿಕಾರಿಗೆ ಆ ಅಧಿಕಾರವೇ ಇಲ್ಲ.

ಟೆಂಡರ್ ವೋಟು ನಿಜವಾಗಿ ಇದೆ, ನಿಯಮ 49ಪಿ. ನಿಮ್ಮ ಹೆಸರಿನಲ್ಲಿ ಬೇರೊಬ್ಬರು ಮತ ಹಾಕಿಹೋಗಿದ್ದರೆ, ನೀವೇ ಆ ಮತದಾರ ಎಂದು ಅಧಿಕಾರಿಗೆ ಮನವರಿಕೆಯಾದ ಬಳಿಕ ನಿಮಗೆ ಕಾಗದದ ಮತಪತ್ರ ಕೊಡುತ್ತಾರೆ. ಯಂತ್ರದ ಗುಂಡಿ ಒತ್ತುವಂತಿಲ್ಲ. ಆ ಮತಪತ್ರ ಪ್ರತ್ಯೇಕ ಲಕೋಟೆಗೆ ಹೋಗುತ್ತದೆ, ಎಣಿಕೆಯ ದಿನ ಅದನ್ನು ತೆರೆಯುವುದಿಲ್ಲ. ಶೇ 14 ಎಂಬ ಅಂಕಿ ನಿಯಮದಲ್ಲಿ ಎಲ್ಲಿಯೂ ಇಲ್ಲ. ಹಾಗಾದರೆ ಅದನ್ನು ಹಾಕುವುದೇ ವ್ಯರ್ಥವೇ? ಖಂಡಿತ ಅಲ್ಲ, ಒಂದೊಂದು ಮತಕ್ಕೂ ಬೆಲೆ ಬರುವ ಚುನಾವಣೆಗಳಿವೆ. 2004ರಲ್ಲಿ ನಮ್ಮ ಸಂತೇಮರಹಳ್ಳಿಯಲ್ಲಿ ಆರ್. ಧ್ರುವನಾರಾಯಣ ಗೆದ್ದದ್ದು 40,752 ಮತ ಪಡೆದು, ಎ.ಆರ್. ಕೃಷ್ಣಮೂರ್ತಿ ಅವರಿಗೆ ಬಿದ್ದದ್ದು 40,751. 2008ರಲ್ಲಿ ರಾಜಸ್ಥಾನದ ನಾಥದ್ವಾರದಲ್ಲೂ ಸೋಲು ಗೆಲುವಿನ ನಡುವೆ ಇದ್ದದ್ದು ಒಂದೇ ಮತ. ಅಲ್ಲಿ ಟೆಂಡರ್ ಮತಗಳ ಪ್ರಶ್ನೆ ಹೈಕೋರ್ಟ್ ದಾಟಿ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. ನಿಮ್ಮ ಮತ ಕಳುವಾಯಿತು ಎಂಬುದಕ್ಕೆ ಉಳಿಯುವ ದಾಖಲೆ ಆ ಒಂದು ಮತಪತ್ರ. ಮತ ಹೋಯಿತೆಂದು ಬೈದುಕೊಂಡು ಮನೆಗೆ ಬಂದರೆ ಆ ದಾಖಲೆಯೂ ಇರುವುದಿಲ್ಲ.

ಇನ್ನು ಯಂತ್ರದ ಮಾತು. ಕರೆಂಟ್ ಹೋದರೆ ಹಾಕಿದ ಮತ ಅಳಿಸಿಹೋಗುತ್ತದೆ ಎಂದು ಭಯಪಡುವವರು ಈಗಲೂ ಇದ್ದಾರೆ. ಇವಿಎಂ ನಡೆಯುವುದು ಬ್ಯಾಟರಿಯಿಂದ, ಬ್ಯಾಟರಿ ತೆಗೆದರೂ ಕಂಟ್ರೋಲ್ ಯೂನಿಟ್‌ನಲ್ಲಿ ದಾಖಲಾದ ಮತ ಉಳಿಯುತ್ತದೆ. ಮತವನ್ನು ಚೀಟಿಯಲ್ಲಿ ಮುದ್ರಿಸಿ ತೋರಿಸುವ ವಿವಿಪ್ಯಾಟ್ ಬಗ್ಗೆ ಇರುವುದು ಇದಕ್ಕೆ ಎದುರಾದ ನಂಬಿಕೆ: ಚೀಟಿಗಳನ್ನೆಲ್ಲ ಎಣಿಸಿ ಯಂತ್ರದ ಲೆಕ್ಕಕ್ಕೆ ತಾಳೆ ನೋಡುತ್ತಾರೆ ಎಂದು. ಏಳು ಸೆಕೆಂಡ್ ಕಾಣಿಸಿ ಪೆಟ್ಟಿಗೆಗೆ ಬೀಳುವ ಆ ಚೀಟಿಗಳನ್ನು ಕಡ್ಡಾಯವಾಗಿ ಎಣಿಸುವುದು ಪ್ರತಿ ವಿಧಾನಸಭಾ ಕ್ಷೇತ್ರದಲ್ಲಿ ಲಾಟರಿ ಎತ್ತಿ ಆರಿಸಿದ ಐದು ಮತಗಟ್ಟೆಗಳಲ್ಲಿ ಮಾತ್ರ. ಮೊದಲು ಒಂದೇ ಇತ್ತು, 2019ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಐದಕ್ಕೆ ಏರಿಸಿತು. ಎಲ್ಲವನ್ನೂ ಎಣಿಸಬೇಕೆಂಬ ಬೇಡಿಕೆಯನ್ನು 2024ರ ಏಪ್ರಿಲ್ 26ರಂದು ತಳ್ಳಿಹಾಕಿತು. ಎಣಿಕೆ ನಡೆದ ಕಡೆ ಯಂತ್ರಕ್ಕೂ ಚೀಟಿಗೂ ವ್ಯತ್ಯಾಸ ಬಂದರೆ ನಿಯಮದ ಪ್ರಕಾರ ಗೆಲ್ಲುವುದು ಚೀಟಿ. ಇದನ್ನು ತಿಳಿದವರು ಕಡಿಮೆ.

ಎಲ್ಲಕ್ಕಿಂತ ದೊಡ್ಡ ತಪ್ಪು ತಿಳಿವಳಿಕೆ ‘ಮೇಲಿನ ಯಾರೂ ಅಲ್ಲ’ ಎನ್ನುವ ನೋಟಾದ್ದು. ನೋಟಾಗೆ ಹೆಚ್ಚು ಮತ ಬಿದ್ದರೆ ಚುನಾವಣೆ ರದ್ದಾಗುತ್ತದೆ, ನಿಂತವರೆಲ್ಲ ಮತ್ತೆ ನಿಲ್ಲುವಂತಿಲ್ಲ ಎಂದು ಓದಿದವರೂ ಹೇಳುತ್ತಾರೆ. ಲೋಕಸಭೆ, ವಿಧಾನಸಭೆಗಳ ಮಟ್ಟಿಗೆ ಇದು ಸುಳ್ಳು. 2013ರ ಸೆಪ್ಟೆಂಬರ್ 27ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಕೊಟ್ಟದ್ದು ಯಾರೂ ಬೇಡ ಎನ್ನುವುದಕ್ಕೆ ಗೋಪ್ಯತೆಯನ್ನು. ಅದಕ್ಕೂ ಮೊದಲು 49-ಓ ನಿಯಮದಡಿ ಅಧಿಕಾರಿಯ ಎದುರೇ ಹೇಳಿ, ಪುಸ್ತಕದಲ್ಲಿ ಬರೆಸಿ ಸಹಿ ಹಾಕಬೇಕಿತ್ತು. 2024ರಲ್ಲಿ ಇಂದೋರ್‌ನಲ್ಲಿ ಕಾಂಗ್ರೆಸ್ ಅಭ್ಯರ್ಥಿ ನಾಮಪತ್ರ ಹಿಂಪಡೆದ ಮೇಲೆ ನೋಟಾಗೆ 2,18,674 ಮತ ಬಿದ್ದವು. ಗೆದ್ದವರನ್ನು ಬಿಟ್ಟರೆ ಉಳಿದ ಯಾರಿಗೂ ಅಷ್ಟು ಬರಲಿಲ್ಲ. ಫಲಿತಾಂಶ ಮಾತ್ರ ಕದಲಲಿಲ್ಲ, ಕದಲುವಂತೆಯೂ ಇರಲಿಲ್ಲ. ಠೇವಣಿ ಉಳಿಯಿತೋ ಹೋಯಿತೋ ಎಂದು ನೋಡುವಾಗ ಕೂಡ ನೋಟಾ ಲೆಕ್ಕಕ್ಕೆ ಬರುವುದಿಲ್ಲ. ಅದೇ ವರ್ಷ ಸೂರತ್‌ನಲ್ಲಿ ಕಣದಲ್ಲಿ ಒಬ್ಬರೇ ಉಳಿದದ್ದರಿಂದ ಮತದಾನವೇ ನಡೆಯಲಿಲ್ಲ, ನೋಟಾ ಗುಂಡಿ ಒತ್ತುವ ಅವಕಾಶ ಅಲ್ಲಿ ಯಾರಿಗೂ ಸಿಗಲಿಲ್ಲ.

ನೋಟಾಗೆ ಹಲ್ಲು ಬರಬೇಕು ಎಂಬುದು ನನ್ನ ಬಯಕೆ ಕೂಡ. ಹರಿಯಾಣದ ರಾಜ್ಯ ಚುನಾವಣಾ ಆಯೋಗ 2018ರಲ್ಲೇ ನಗರಸಭೆ, ಪಾಲಿಕೆಗಳ ಚುನಾವಣೆಗೆ ಅಂಥ ನಿಯಮ ತಂದಿತು: ನೋಟಾಗೆ ಎಲ್ಲರಿಗಿಂತ ಹೆಚ್ಚು ಮತ ಬಂದರೆ ಮತ್ತೆ ಚುನಾವಣೆ. ಸಂಸತ್ತಿಗೂ ಶಾಸನಸಭೆಗೂ ಅದು ಬರಬೇಕೆಂದರೆ ಕೇಳಬೇಕಾದದ್ದು ಸಂಸತ್ತನ್ನು, 1951ರ ಜನಪ್ರತಿನಿಧಿ ಕಾಯ್ದೆಯ ತಿದ್ದುಪಡಿಯನ್ನು. ಆ ನಿಯಮ ಈಗಾಗಲೇ ಇದೆ ಎಂದು ನಂಬಿದ ಜನ ಅದನ್ನು ಕೇಳಲು ಹೋಗುವುದೇ ಇಲ್ಲ.