ತಾಯಿಯ ಬುತ್ತಿ ಮೂರು ಗಂಟೆಗೆ
ಯಡಿಯೂರಿನ ನಮ್ಮ ಮನೆಯ ಮೀನಿನ ತೊಟ್ಟಿಯ ತಳದಲ್ಲಿ ಗೋಲಿಗಳನ್ನು ಹರಡಿದ್ದೇನೆ. ಜೀಬ್ರಾ ಮೀನು ಬೆಳಕು ಹರಿಯುತ್ತಿದ್ದಂತೆ ಮೊಟ್ಟೆ ಉದುರಿಸುತ್ತದೆ, ಬಾಯಿಗೆ ಸಿಕ್ಕರೆ ತಾನೇ ತಿಂದುಬಿಡುತ್ತದೆ. ಗೋಲಿಗಳ ಸಂದಿಗೆ ಜಾರಿದವು ಬದುಕಿಕೊಳ್ಳುತ್ತವೆ. ಹಾಗೆ ಉಳಿದ ಒಂದನ್ನು ಬಟ್ಟಲಿಗೆ ಹಾಕಿ ಮಸೂರ ಹಿಡಿದೆ. ರವೆ ಕಾಳಿನಷ್ಟು ಗಾತ್ರದ ಗಾಜಿನ ಗುಂಡು, ಅದರೊಳಗೆ ಭಂಡಾರದ ಉಂಡೆ, ಉಂಡೆಯ ನೆತ್ತಿಯ ಮೇಲೆ ಒಂದೇ ಒಂದು ಜೀವಕೋಶ.

ಮುಕ್ಕಾಲು ಗಂಟೆಗೆ ಆ ಕೋಶ ಎರಡಾಗುತ್ತದೆ. ಆಮೇಲೆ ಕಾಲು ಗಂಟೆಗೊಮ್ಮೆ ನಾಲ್ಕು, ಎಂಟು, ಹದಿನಾರು. ಇದು 28.5 ಡಿಗ್ರಿಯ ಲೆಕ್ಕ. ನಮ್ಮ ಬೆಂಗಳೂರಿನ ತಂಪಿನಲ್ಲಿ ಇನ್ನೂ ನಿಧಾನ. ಅಷ್ಟು ಹೊತ್ತೂ ಭ್ರೂಣದ ಸ್ವಂತ ಜೀನ್‌ಗಳು ಹೆಚ್ಚುಕಡಿಮೆ ಮಲಗಿಯೇ ಇರುತ್ತವೆ. ನಡೆಯುವುದೆಲ್ಲ ತಾಯಿ ಮೊಟ್ಟೆಯಲ್ಲಿ ಕಟ್ಟಿಕೊಟ್ಟ ಆರ್‌ಎನ್‌ಎ ಬುತ್ತಿಯಿಂದ. ಸುಮಾರು ಮೂರು ಗಂಟೆ ಕಳೆದು, ಕೋಶಗಳು ಸಾವಿರದ ಹತ್ತಿರ ಬಂದಾಗ ಆ ಜೀನ್‌ಗಳು ಸಾಲುಸಾಲಾಗಿ ಎಚ್ಚರಗೊಳ್ಳುತ್ತವೆ. ಎಚ್ಚರಿಸುವುದೂ ತಾಯಿ ಬಿಟ್ಟುಹೋದ ಪ್ರೋಟೀನ್‌ಗಳೇ: ನ್ಯಾನೋಗ್, ಪೌ5ಎಫ್3 ಮತ್ತು ಸಾಕ್ಸ್ ಕುಟುಂಬದವು. ಮೊದಲು ಎದ್ದವುಗಳಲ್ಲಿ ಒಂದಾದ ಎಂಐಆರ್-430, ತಾಯಿಯ ಹಳೆಯ ಆರ್‌ಎನ್‌ಎಗಳನ್ನು ಅಳಿಸಲು ತೊಡಗುತ್ತದೆ.

ಎಚ್ಚರವಾದರೆ ಸಾಲದು, ಯಾರು ಏನಾಗಬೇಕು ಎನ್ನುವುದು ಗೊತ್ತಾಗಬೇಕಲ್ಲ? ಅದನ್ನು ಹೇಳುವುದು ನೆರೆಹೊರೆ. ಭಂಡಾರಕ್ಕೆ ಅಂಟಿಕೊಂಡ ಅಂಚಿನಿಂದ ನೋಡಲ್ ಎಂಬ ಪ್ರೋಟೀನ್ ಹೊರಡುತ್ತದೆ. ಅದು ಪಕ್ಕದ ಕೋಶದ ಹೊರಮೈಯಲ್ಲಿರುವ ಗ್ರಾಹಕಕ್ಕೆ ತಗುಲಿದೊಡನೆ ಒಳಗಿನ ಸ್ಮ್ಯಾಡ್2 ಪ್ರೋಟೀನಿಗೆ ಫಾಸ್ಫೇಟ್ ಕೂಡಿಕೊಳ್ಳುತ್ತದೆ. ಸ್ಮ್ಯಾಡ್2 ಕೋಶಕೇಂದ್ರಕ್ಕೆ ಹೋಗಿ ಜೀನ್‌ಗಳನ್ನು ಚಾಲೂ ಮಾಡುತ್ತದೆ. ನೋಡಲ್ ಹೆಚ್ಚು ಸಿಕ್ಕ ಕೋಶಗಳು ಕರುಳಿನತ್ತ, ಕಡಿಮೆ ಸಿಕ್ಕವು ಸ್ನಾಯು, ರಕ್ತದತ್ತ ತಿರುಗುತ್ತವೆ. ಅದು ಮುಟ್ಟದೆ ಉಳಿದವು ಚರ್ಮ, ಮಿದುಳು ಆಗುತ್ತವೆ. ಕರೆ ಒಂದೇ, ಎಷ್ಟು ಕೇಳಿಸಿತು ಎನ್ನುವುದರ ಮೇಲೆ ಹಣೆಬರಹ.

ನನಗೆ ಎಲ್ಲಕ್ಕಿಂತ ಬೆರಗು ಲೆಫ್ಟಿ ಎಂಬ ಇನ್ನೊಂದು ಪ್ರೋಟೀನಿನದು. ನೋಡಲ್ ತಾನೇ ಲೆಫ್ಟಿಯ ಜೀನನ್ನು ಎಬ್ಬಿಸುತ್ತದೆ, ಆ ಲೆಫ್ಟಿ ನೋಡಲ್‌ಗಿಂತ ವೇಗವಾಗಿ ಹರಡಿ ಅದಕ್ಕೇ ಕಡಿವಾಣ ಹಾಕುತ್ತದೆ. ಈ ಕಡಿವಾಣ ಇಲ್ಲದಿದ್ದರೆ ಕರೆ ಮಿತಿಮೀರಿ ಭ್ರೂಣವೇ ಕೆಡುತ್ತದೆ. ಇನ್ನು, ಸೈಕ್ಲೋಪ್ಸ್ ಎಂಬ ನೋಡಲ್ ಜೀನ್ ಹಾಳಾದ ಮರಿಗೆ ಎರಡು ಕಣ್ಣು ಕೂಡಿ ನಡುವೆ ಒಂದೇ ಆಗುತ್ತದೆ. ಗ್ರೀಕ್ ಕಥೆಯ ಒಕ್ಕಣ್ಣ ದೈತ್ಯನ ಹೆಸರನ್ನು ಅದಕ್ಕೇ ಇಟ್ಟಿದ್ದು.

ಮೀನಿನ ಮಾತು ಎಂದು ಬಿಡುವ ಹಾಗಿಲ್ಲ. ಮನುಷ್ಯನ ಜೀನ್‌ಗಳಲ್ಲಿ ಸುಮಾರು ಶೇಕಡಾ 70ಕ್ಕೆ ಈ ಮೀನಿನಲ್ಲಿ ಜೋಡಿ ಉಂಟು. ಅಮೆರಿಕದ ಒರೆಗಾನ್‌ನಲ್ಲಿ ಜಾರ್ಜ್ ಸ್ಟ್ರೈಸಿಂಗರ್ ಇದನ್ನು ಪ್ರಯೋಗಾಲಯಕ್ಕೆ ಹೊಂದಿಸಿದರು. ನಮ್ಮೂರಿನ ಜಿಕೆವಿಕೆ ಆವರಣದ ಎನ್‌ಸಿಬಿಎಸ್ ಎಂಬ ಜೀವವಿಜ್ಞಾನ ಸಂಶೋಧನಾ ಕೇಂದ್ರದಲ್ಲೂ ಸಾಕುತ್ತಾರೆ. ಮೀನು ಮಾತ್ರ ಈ ಉಪಖಂಡದ್ದೇ. 1822ರಲ್ಲಿ ಇದಕ್ಕೆ ಶಾಸ್ತ್ರೀಯ ಹೆಸರಿಟ್ಟ ಫ್ರಾನ್ಸಿಸ್ ಹ್ಯಾಮಿಲ್ಟನ್ ಬೇರಾರೂ ಅಲ್ಲ, ಟಿಪ್ಪು ಮಡಿದ ಮರುವರ್ಷ ಮೈಸೂರು ಸೀಮೆಯನ್ನು ಸುತ್ತಿ ಹಳ್ಳಿ, ಕೆರೆ, ಬೆಳೆಗಳನ್ನೆಲ್ಲ ಬರೆದಿಟ್ಟ ಬುಕಾನನ್.

ಮೂರನೆಯ ದಿನ ಬೆಳಗ್ಗೆ ಮತ್ತೆ ಬಟ್ಟಲು ನೋಡಿದೆ. ಬಾಲ ಪಟಪಟನೆ ಬಡಿಯುತ್ತಿತ್ತು, ಎದೆಯಲ್ಲಿ ಚುಕ್ಕೆಯಷ್ಟು ಹೃದಯ ಮಿಡಿಯುತ್ತಿತ್ತು. ತಲೆಯ ಆಚೆಗೊಂದು, ಈಚೆಗೊಂದು, ಸಾಸಿವೆಗಿಂತ ಚಿಕ್ಕ ಎರಡು ಕಪ್ಪು ಕಣ್ಣು.